ತೊಗರಿ ಬೀಜದ ಬೆನ್ನಿಗೆ ಹೈದರಾಬಾದಿಗೆ

ಸೇಡಂ ನಿಲ್ದಾಣದಲ್ಲಿ ಸಾಲಿಗೆ ನಿಂತು ಹೈದರಾಬಾದಿಗೆ ಎರಡು ಟಿಕೆಟ್ ತೆಗೆದವಳು ನಾನು. ಆಮಂತ್ರಣ ಬಂದದ್ದು ಮಾತ್ರ ಪಕ್ಕದ ಮನೆಯ ಶರಣಮ್ಮನಿಗೆ. ಊರಿನ ತೊಗರಿಯೆಲ್ಲ ನೆಟೆ ರೋಗಕ್ಕೆ ನಿಂತಲ್ಲೇ ಒಣಗಿದ ವರ್ಷ ಅವಳ ಹೊಲವೊಂದೇ ಹಸಿರಾಗಿತ್ತು. ಬೀಜ ಸಂಶೋಧನಾ ಕೇಂದ್ರವೊಂದರವರು ಬಂದು ಮಾದರಿ ಒಯ್ದಿದ್ದರು. ಈಗ ಅವಳನ್ನು ಕರೆಸಿ ಸನ್ಮಾನ ಮಾಡುವವರಿದ್ದರು. ಅವಳಿಗೆ ಓದು ಬಾರದು, ಹಿಂದಿಯೂ ಬಾರದು. ಶಾಲೆಯಲ್ಲಿ ಕಲಿಸುವ ಅಕ್ಕೋರು ಎಂದು ನನ್ನನ್ನು ಜೊತೆಗೆ ಕರೆದಳು.

ಆದರೆ ಆ ಬೀಜ ನನ್ನ ತವರಿನದು. ಮದುವೆಯಾದ ಹೊಸದರಲ್ಲಿ ಚೀಲದಲ್ಲಿ ಕಟ್ಟಿ ತಂದು, ಅವಳಿಗೂ ಒಂದು ಸೇರು ಕೊಟ್ಟಿದ್ದೆ.

ಬೆಳಗಿನ ಪ್ಯಾಸೆಂಜರ್ ಗಾಡಿಯ ತುಂಬ ಸಲಿಕೆ, ಹಾಸಿಗೆ ಸುರುಳಿ ಹೊತ್ತ ನಮ್ಮ ಕಡೆಯ ಕೂಲಿ ಜನ. "ಕಂಪ್ಯೂಟರ್ ಆಫೀಸ್ ಕಟ್ಟಾಕ ಹೊಂಟೀವ್ರಿ. ಎಲ್ಲಾ ಗಾಜಿಂದs ಐತಿ," ಎಂದಳು ಎದುರಿನ ಹೆಂಗಸು. ತಾಂಡೂರು ದಾಟಿದ ಮೇಲೆ ಬುತ್ತಿ ಬಿಚ್ಚಿದೆವು. ಆ ಹೆಂಗಸು ನನ್ನ ರೊಟ್ಟಿ ಬಿಟ್ಟು ಶರಣಮ್ಮನ ರೊಟ್ಟಿಯನ್ನು ಹೊಗಳಿದಳು. ಅದಕ್ಕೂ ನನಗೆ ಹೊಟ್ಟೆಕಿಚ್ಚಾಯಿತು.

ನಾಂಪಲ್ಲಿಯಲ್ಲಿ ಇಳಿದಾಗ ಬಿಸಿಲು ನೆತ್ತಿ ಸುಡುತ್ತಿತ್ತು. ಅಲ್ಲಿಂದ ಕೇಂದ್ರಕ್ಕೆ ಸಿಟಿ ಬಸ್ಸಿನಲ್ಲಿ ಒಂದೂವರೆ ತಾಸು. ದಾರಿಯುದ್ದಕ್ಕೂ ಕಂಪ್ಯೂಟರ್ ಕ್ಲಾಸಿನ ಬೋರ್ಡುಗಳು, ನಡುನಡುವೆ ಬೀಜದ ಕಂಪನಿಗಳ ಜಾಹೀರಾತು. ಒಂದರಲ್ಲಿ ಹತ್ತಿಯ ಕಾಯಿ ಮಗುವಿನ ತಲೆಯಷ್ಟು ದೊಡ್ಡದಿತ್ತು.

ಕೇಂದ್ರದಲ್ಲಿ ಶರಣಮ್ಮನಿಗೆ ಹಾರ ಹಾಕಿ ಶಾಲು ಹೊದಿಸಿದರು. ಫೋಟೋ ತೆಗೆಯುವವನು ನನಗೆ ಸ್ವಲ್ಪ ಪಕ್ಕಕ್ಕೆ ಸರಿಯಲು ಹೇಳಿದ. ಅವಳ ಚೀಲ ಹಿಡಿದುಕೊಂಡು ಗೋಡೆಗೆ ಸರಿದು ನಿಂತೆ.

ಆಮೇಲೆ ವಿಜ್ಞಾನಿಯೊಬ್ಬರು ಫಾರ್ಮ್ ತುಂಬಲು ಕುಳಿತರು. ಈ ಬೀಜ ಎಲ್ಲಿಂದ ಬಂತೆಂದು ಹಿಂದಿಯಲ್ಲಿ ಕೇಳಿದರು. ಆ ಪ್ರಶ್ನೆಯನ್ನು ನಾನು ಶರಣಮ್ಮನಿಗೆ ಕನ್ನಡದಲ್ಲಿ ಹೇಳಿದೆ.

"ನೀವs ಕೊಟ್ಟಿದ್ದಲ್ರಿ ಅಕ್ಕೋರೆ? ಹಂಗs ಹೇಳ್ರಿ," ಎಂದಳು ಶರಣಮ್ಮ.

ಅದನ್ನು ಹಿಂದಿಯಲ್ಲಿ ಬೇಕಾದ್ದಕ್ಕಿಂತ ಜೋರಾಗಿಯೇ ಹೇಳಿದೆ. ಅವರು ಮೊದಲ ಸಲ ನನ್ನತ್ತ ತಿರುಗಿದರು. "ಹಾಗಾದರೆ ಈಗಲೂ ನೀವು ಬೆಳೆಯುತ್ತೀರಿ?"

ಕಂಪನಿಯ ಬಣ್ಣದ ಪಾಕೀಟಿನ ಬೀಜ ಬಂದ ವರ್ಷ ಮನೆಯ ಬೀಜವನ್ನೆಲ್ಲ ಬೇಳೆ ಮಾಡಿಸಿದ್ದೆವು. "ಇಲ್ಲ," ಎಂದೆ. ಅವರು ಶರಣಮ್ಮನ ಹೆಸರೊಂದನ್ನೇ ಬರೆದುಕೊಂಡರು.

ಕೊನೆಗೆ ಒಪ್ಪಿಗೆಯ ಕಾಗದ. ನಾನೇ ಅವಳಿಗೆ ಓದಿ ಹೇಳಿದೆ: ಬೀಜವನ್ನು ತಣ್ಣನೆಯ ಕೋಣೆಯಲ್ಲಿ ಬಹುಕಾಲ ಇಡುತ್ತಾರೆ, ಕೇಳಿದವರಿಗೆ ಪುಕ್ಕಟೆ ಕೊಡುತ್ತಾರೆ. ಕಂಪನಿಯವರು ಕೇಳಿದರೂ ಕೊಡುತ್ತಾರೆ.

"ಅವರು ಬ್ಯಾರೆ ಹೆಸರಿಟ್ಟು ನಮಗs ಮಾರಿದ್ರ?" ಶರಣಮ್ಮ ಕೇಳಿದಳು.

ನಾನು ಅದನ್ನು ಹಿಂದಿಯಲ್ಲಿ ಹೇಳಿದ ಮೇಲೆ ವಿಜ್ಞಾನಿ, "ಅದನ್ನು ನಾವು ತಡೆಯಲಾರೆವು. ಆದರೆ ಇಲ್ಲಿದ್ದರೆ ಬೀಜ ನಾಶವಾಗುವುದಿಲ್ಲ," ಎಂದರು.

ಅವಳು ನನ್ನ ಮುಖ ನೋಡಿದಳು. "ಏನ್ ಮಾಡ್ಲಿರಿ ಅಕ್ಕೋರೆ?"

ಬೇಡ ಎಂದಿದ್ದರೆ ಎದ್ದು ಬರುತ್ತಿದ್ದಳು. ಬೇಡ ಎನ್ನಬೇಕೆಂದು ನನಗೆ ಬಲವಾಗಿ ಅನ್ನಿಸಿದ್ದೂ ನಿಜ. ಅದು ಕಂಪನಿಯ ಭಯದಿಂದಲ್ಲ, ಅವಳ ಹೆಸರು ಅಲ್ಲಿ ಉಳಿಯಬಾರದು ಅಂತ. "ನಿಮ್ಮ ಬೀಜ, ನಿಮ್ಮ ಮರ್ಜಿ," ಎಂದೆ.

"ನಮ್ಮ ಹೊಲ ಒಂದs ನಂಬಿ ಕುಂದ್ರಾಕ ಆಗೂದಿಲ್ಲ. ಇಲ್ಲೊಂದೀಟು ಇರ್ಲಿ," ಎಂದು ಹೆಬ್ಬೆಟ್ಟು ಒತ್ತಿದಳು.

ಮರಳುವ ಗಾಡಿಯಲ್ಲಿ ಕಿಟಕಿಯ ಹತ್ತಿರದ ಜಾಗ ನನಗೇ ಬಿಟ್ಟಳು. ವಿಕಾರಾಬಾದ್ ಬರುವವರೆಗೂ ನಾನು ಕಿಟಕಿಯತ್ತಲೇ ಮುಖ ಮಾಡಿ ಕುಳಿತೆ. ಆಮೇಲೆ ಹೊರಗೆ ನೋಡುತ್ತಲೇ ಕೇಳಿದೆ: "ನನಗೂ ಒಂದಿಷ್ಟು ಬೀಜ ಕೊಡ್ತೀರೇನು?"

"ಎಲ್ಲಿ ಕೇಳೂದs ಇಲ್ಲೇನೋ ಅನ್ಕೊಂಡಿದ್ದೆ," ಎಂದಳು. "ಮಿರಗದ ಮಳಿಯಾಗ ಬರ್ರಿ. ಎರಡೆಕರೆಕ್ಕ ಸಾಕಾಗೂವಷ್ಟು ಎತ್ತಿಟ್ಟೀನಿ."

ಹೇಳಿದಷ್ಟೂ ಅಳೆದು ಕೊಟ್ಟಳು. ಮಳೆಗಾಲದಲ್ಲಿ ಬಿತ್ತಿದೆವು. ಒಂದು ಗಿಡವೂ ನೆಟೆಗೆ ಬಾಗಲಿಲ್ಲ. ಹೂ ಬಿಟ್ಟಾಗ ಬದುವಿನಲ್ಲಿ ಹೋಗುವವರು ನಿಂತು, "ಶರಣಮ್ಮನ ತೊಗರಿ ಏನ್ರಿ ಅಕ್ಕೋರೆ?" ಎಂದು ಕೇಳುತ್ತಿದ್ದರು.

ಹೌದು ಎನ್ನುತ್ತಿದ್ದೆ. ಒಮ್ಮೆಯೂ ಆ ಮಾತು ಸಲೀಸಾಗಿ ಬಾಯಿಗೆ ಬರಲಿಲ್ಲ.