ಅಣ್ಣನ ಹೆಸರಿನ ಮುಂದಿನ 'ದಿ.'

ಅಣ್ಣಾ, ನೀನು ಕಾಡಿನಲ್ಲಿ ಇನ್ನೂ ಜೀವಂತವಾಗಿದ್ದಾಗಲೇ ನಿನ್ನ ಹೆಸರಿನ ಮುಂದೆ 'ದಿವಂಗತ' ಎಂದು ಹಾಕಿಸಿದವನು ನಾನು. ಪೊಲೀಸರ ಗುಂಡು ಆಮೇಲೆ ಬಂತು.

ಕಾನೂನು ಓದು ಅರ್ಧಕ್ಕೆ ಬಿಟ್ಟು, ಜೀತಕ್ಕಿದ್ದವರ ಪರ ಹೊಡೆದಾಡುತ್ತ, ಕೊನೆಗೆ ಬಂದೂಕು ಹಿಡಿದು ಹೋದವನು ನೀನು. ನಾನು ರಾಯಚೂರು ಬಿಟ್ಟು ಯಲಹಂಕಕ್ಕೆ ಬಂದು ಕಾಲೇಜೊಂದರ ಆಫೀಸು ಸೇರಿದೆ. ನನ್ನಣ್ಣ ನಕ್ಸಲ್ ದಳದ ಕಮಾಂಡರ್ ಎಂಬುದು ಇಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮಗಳ ಮದುವೆ ಗೊತ್ತಾದಾಗ ಬೀಗರು ವಿಚಾರಿಸಿದರು — ಅಣ್ಣ ಜ್ವರ ಬಂದು ತೀರಿಕೊಂಡ ಎಂದುಬಿಟ್ಟೆ. ಎಷ್ಟು ಸಲೀಸಾಗಿ ಬಂತು ಬಾಯಿಗೆ!

ಆದರೆ ಅವ್ವ ಪಟ್ಟು ಹಿಡಿದಳು. "ಹಿರೇಮಗನ ಹೆಸರಿಲ್ಲದ ಲಗ್ನಪತ್ರಿಕಿ ನನಗ ತೋರಿಸಬ್ಯಾಡ." ಅವ್ವನಿಗೆ ಓದಲು ಬಾರದು, ಬೀಗರಿಗೆ ಬರುತ್ತದೆ — ಪ್ರೆಸ್ಸಿನ ಮೆಟ್ಟಿಲು ಹತ್ತುವಾಗ ನನ್ನ ತಲೆಯಲ್ಲಿದ್ದದ್ದು ಇಷ್ಟೇ. ಪ್ರೆಸ್ಸಿನವರು ಕರಡು ನೋಡಿ ಕೇಳಿದರು: "ಸಾರ್, ಇವ್ರು ಇದಾರಾ? ಇಲ್ಲಾಂದ್ರೆ ಮುಂದೆ 'ದಿ.' ಹಾಕ್ಬೇಕಲ್ವಾ?"

"ಹಾಕ್ರಿ" ಎಂದೆ.

ಪಾಟಿಯ ಮೇಲೆ ನನ್ನ ಕೈಹಿಡಿದು ಅಕ್ಷರ ತಿದ್ದಿಸಿದವನು ನೀನು. ಆ 'ದಿ'ಯನ್ನೂ ನೀನೇ ಕಲಿಸಿರಬೇಕು.

ಒಂದು ಪತ್ರಿಕೆಯ ಮೂಲೆಗಳಿಗೆ ಅರಿಶಿನ ಹಚ್ಚಿ, ಊರಿನಿಂದ ಬಂದಿದ್ದ ನಿನ್ನ ಹಳೆಯ ಗೆಳೆಯನ ಕೈಯಲ್ಲಿ ಅವ್ವ ನಿನಗೆ ಕಳಿಸಿದ್ದು ನನಗೆ ತಿಳಿದಿರಲಿಲ್ಲ. ನಾಲ್ಕು ತಿಂಗಳಾದ ಮೇಲೆ ಟೀವಿಯಲ್ಲಿ ನಿನ್ನ ಸಾವಿನ ಸುದ್ದಿ ಬಂತು. ಅವ್ವ ಎದೆ ಬಡಿದುಕೊಂಡು ಅತ್ತಳು. ನಾನು — ಹೇಳಲು ನಾಚಿಕೆಯಾಗುತ್ತದೆ — ಪಕ್ಕದ ಮನೆಗೆ ಕೇಳಿಸದಿರಲಿ ಎಂದು ಮೊದಲು ಬಾಗಿಲು ಹಾಕಿದೆ.

ಕಳೆದ ತಿಂಗಳು, ನಿನ್ನ ದಳದಲ್ಲಿದ್ದು ಆಮೇಲೆ ಶರಣಾದ ಹೆಣ್ಣುಮಗಳೊಬ್ಬಳು ನನ್ನನ್ನು ಹುಡುಕಿಕೊಂಡು ಬಂದಳು. ಹೆಬ್ಬಾಳ ಕೆರೆಯ ಬದಿಯ ಬೆಂಚಿನ ಮೇಲೆ ಕೂತು ಎಲ್ಲ ಹೇಳಿದಳು. ಸುಳಿವು ಕೊಟ್ಟನೆಂಬ ಅನುಮಾನಕ್ಕೆ ನಿನ್ನವರು ಒಬ್ಬ ಅರಣ್ಯ ಕಾವಲುಗಾರನನ್ನು ಕೊಂದ ಮೇಲೆ ನಿನಗೆ ಊಟ ಸೇರುತ್ತಿರಲಿಲ್ಲವಂತೆ. ಶರಣಾಗುತ್ತೇನೆಂದು ಕಾಗದವನ್ನೂ ಬರೆದಿಟ್ಟಿದ್ದೆಯಂತೆ. ಅಷ್ಟರಲ್ಲಿ ಅವ್ವ ಕಳಿಸಿದ ಲಗ್ನಪತ್ರಿಕೆ ಬಂತು.

"ಎರಡು ಸಲ ಓದಿ ನಕ್ರು. 'ನಮ್ಮ ಮನ್ಯಾಗ ನಾ ಸತ್ತೀನಂತ. ಸತ್ತಾಂವ ಶರಣಾಗೋದು ಹೆಂಗ?' ಅಂದ್ರು. ಬರದಿಟ್ಟ ಕಾಗದ ಒಲಿಗೆ ಹಾಕಿದ್ರು."

ನಾನು ಆವತ್ತು ಪ್ರೆಸ್ಸಿನಲ್ಲಿ ಬೇಡ ಎಂದಿದ್ದರೆ — ಜೈಲಿನಲ್ಲಾದರೂ ನೀನು — ಅವ್ವ ಬಂದು ನಿನ್ನ ಮುಖ ನೋಡಿ —

ಅವ್ವ ಆ ಪತ್ರಿಕೆಯ ಇನ್ನೊಂದು ಪ್ರತಿಯನ್ನು ದೇವರ ಗೂಡಿನಲ್ಲಿಟ್ಟಿದ್ದಾಳೆ. ದಿನವೂ ದೀಪ ಹಚ್ಚಿ, ನಾನು ತೋರಿಸಿಕೊಟ್ಟ ಸಾಲಿನ ಮೇಲೆ ಬೆರಳಿಟ್ಟು "ಓದಪಾ" ಎನ್ನುತ್ತಾಳೆ. ಆ ಮೊದಲಕ್ಷರ ಬಿಟ್ಟು ಓದುತ್ತೇನೆ. "ಇದು ಅಂವ ಇದ್ದಾಗ ಹಾಕಿಸಿದ ಹೆಸರು" ಎಂದು ಕಣ್ಣೊರೆಸಿಕೊಳ್ಳುತ್ತಾಳೆ.

ಈಗ ದೀಪ ಹಚ್ಚಿಯಾಯಿತು, ನನ್ನನ್ನು ಕರೆಯುತ್ತಿದ್ದಾಳೆ. ಇವತ್ತು ಆ ಅಕ್ಷರದಿಂದಲೇ ಓದಲು ಶುರು ಮಾಡುತ್ತೇನೆ, ಅಣ್ಣಾ.