ಹಂಚಿನ ಮಸಿಯ ಆಫ್ರಿಕಾ

ರೊಟ್ಟಿ ಹಂಚಿನ ತಳದ ಮಸಿಯನ್ನು ಚಮಚದಿಂದ ಕೆರೆದು, ಎರಡು ಹನಿ ಶೇಂಗಾ ಎಣ್ಣೆ ಬೆರೆಸಿ ಅಂಗೈಯಲ್ಲಿ ತಿಕ್ಕಿದರೆ ಒಂದು ಖಂಡವೇ ಸಿದ್ಧವಾಗುತ್ತದೆಂದು ನಾನು ಹನ್ನೊಂದು ವರ್ಷ ನಂಬಿದ್ದೆ. ನಗಬೇಡಿ; ಶಾಲಾ ವಾರ್ಷಿಕೋತ್ಸವದ ‘ಆಫ್ರಿಕಾ ಡ್ಯಾನ್ಸ್’ ನೋಡಿ ನೀವೂ ಚಪ್ಪಾಳೆ ತಟ್ಟಿದವರೇ ಆಗಿರುತ್ತೀರಿ. ನಮ್ಮ ಹರಪನಹಳ್ಳಿ ಸೀಮೆಯಲ್ಲಿ ಮೆಕ್ಕೆಜೋಳಕ್ಕೇನು ಬರ? ತೆನೆ ಸುಲಿದು ಬಿಸಾಡಿದ ಒಣ ರವದಿಯನ್ನು ಹುರಿಗೆ ಪೋಣಿಸಿದರೆ ಲಂಗ, ಕೋಲಿಗೆ ಬೆಳ್ಳಿ ಕಾಗದ ಸುತ್ತಿದರೆ ಭರ್ಜಿ. ನಡುವೆ ಒಂದು ಹಂಡೆ, ಹಂಡೆಯೊಳಗೆ ಟೊಪ್ಪಿಗೆ ಹಾಕಿದ ಒಬ್ಬ ‘ಸಾಹೇಬ’, ಸುತ್ತಲೂ ‘ಹೂಂಬಾ ಹೂಂಬಾ’ ಎಂಬ ಕೇಕೆ.

ಇದನ್ನೆಲ್ಲ ನನಗೆ ಯಾವ ಗುರುವೂ ಕಲಿಸಲಿಲ್ಲ. ಬಾಲ್ಯದ ಚಿತ್ರಕಥೆಗಳು, ಟೆಂಟಿನ ಸಿನಿಮಾ, ಟೀವಿಯ ಜಾಹೀರಾತು ಎಲ್ಲ ಸೇರಿ ಅಷ್ಟೊಂದು ದೇಶಗಳನ್ನು ಒಂದೇ ಕಾಡು ಮಾಡಿ, ಅಲ್ಲಿನ ರಾಜಕಾರಣವೆಂದರೆ ಕಪ್ಪು ಕನ್ನಡಕದ ಸರ್ವಾಧಿಕಾರಿ, ಬದುಕೆಂದರೆ ಹಸಿವು ಇಲ್ಲವೇ ಕುಣಿತ ಎಂದು ತಲೆಯೊಳಗೆ ತುಂಬಿಟ್ಟಿದ್ದವು. ಸಮಾಜ ವಿಜ್ಞಾನ ಹೇಳಿಕೊಡುವ ನಾನು ಅದನ್ನೇ ಮಕ್ಕಳ ಮೈಗೆ ಹಚ್ಚುತ್ತ ಬಂದೆ.

ಈ ವರ್ಷ ಹತ್ತು ಹುಡುಗಿಯರು ಸಾಲಾಗಿ ನಿಂತಿದ್ದರು. ಮಸಿ ಹಚ್ಚುತ್ತ ಬಂದವಳು ಕೊನೆಯಲ್ಲಿದ್ದ, ತೆಲಿಗಿ ಊರಿನ ನಾಗವೇಣಿಯ ಮುಂದೆ ಕೈ ತಡೆದು, “ನಿನಗ ಬ್ಯಾಡ ಬಿಡವಾ, ಹಂಗ ನಡಿತೈತಿ” ಎಂದು ನಕ್ಕೆ. ಉಳಿದವರೂ ನಕ್ಕರು. ನಾಗವೇಣಿ ಚೆನ್ನಾಗಿಯೇ ಕುಣಿದಳು. ಈ ಡ್ಯಾನ್ಸನ್ನೇ ತಾಲ್ಲೂಕು ಸ್ಪರ್ಧೆಗೂ ಒಯ್ಯೋಣವೆಂದು ಹೆಡ್ಮಾಸ್ತರರು ಅಲ್ಲೇ ಘೋಷಿಸಿದರು.

ಅವಳ ತಂದೆ ಕೊಟ್ರೇಶಪ್ಪ ಜಾಂಬಿಯಾದಲ್ಲಿ ಬೋರ್‌ವೆಲ್ ಕೊರೆಯುವ ಲಾರಿಯಲ್ಲಿ ದುಡಿಯುವವರು. ರಜೆಗೆಂದು ಊರಿಗೆ ಬಂದಿದ್ದರು. ಕಾರ್ಯಕ್ರಮ ಮುಗಿದ ಮೇಲೆ ನನ್ನ ಬಳಿ ಬಂದು, ಕೋಪವಿಲ್ಲದೆಯೇ ಮೊಬೈಲು ಮುಂದೆ ಹಿಡಿದರು. ಅದರಲ್ಲಿನ ಫೋಟೋದಲ್ಲಿ ಕೋಟು ತೊಟ್ಟ ಹೆಂಗಸೊಬ್ಬರು ಫೈಲು ಹಿಡಿದು ಬೋರಿನ ಪಕ್ಕ ನಿಂತಿದ್ದರು.

“ಇವ್ರು ಅಲ್ಲಿ ವಾರ್ಡಿನ ಮೆಂಬರ್ರು ನೋಡ್ರಿ ಟೀಚರ್ರೇ, ಓಟಿನಾಗ ಗೆದ್ದಾರ. ನೀರು ಬೀಳಾತನಕ ನಮ್ಮನ್ನ ಬಿಡ್ಲಿಲ್ಲ. ಅಲ್ಲೂ ನಮ್ಮಂಗ ಮೆಕ್ಕೆಜೋಳ ಬೆಳಿತಾರ, ಮುದ್ದಿ ಮಾಡ್ಕೊಂಡು ಉಣ್ತಾರ. ರವದಿ ಮಾತ್ರ ಯಾರೂ ಉಟ್ಕೊಳಂಗಿಲ್ಲ.” ಆಮೇಲೆ ತಾವೇ ನಕ್ಕರು. “ನಮ್ಮ ಕಡಿ ಸೀರಿಯಲ್ಲು ಅಲ್ಲಿ ಬಾಳ ನೋಡ್ತಾರ್ರಿ. ನಿಮ್ಮ ಅತ್ತಿಗೋಳು ಸೊಸಿ ಹಾಲಿಗೆ ದಿನಾ ವಿಷ ಹಾಕ್ತಾರೇನು ಅಂತ ಈ ಮೆಂಬರ್ರೇ ಕೇಳಿದ್ರು. ನನಗ ಸಿಟ್ಟು ಬಂದಿತ್ತು.”

ನನಗೂ ಬಂತು ನೋಡಿ! ನಾಲ್ಕು ಜನರಿಗೆ ಬಡಿಸದೆ ಒಂದು ದಿನವೂ ಊಟಕ್ಕೆ ಕೂರದ ನಮ್ಮತ್ತೆಯನ್ನು ಯಾರೋ ವಿಷ ಹಾಕುವವಳೆಂದು ಬಗೆದರೆ ನಾನು ಜಗಳಕ್ಕೇ ಇಳಿದೇನು. ಆದರೆ ಆ ಮೆಂಬರು ಕನಿಷ್ಠ ಕೇಳಿದರು. ಹನ್ನೊಂದು ವರ್ಷದಲ್ಲಿ ನಾನು ಯಾರನ್ನೂ ಏನನ್ನೂ ಕೇಳಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಅವರ ಮಗಳಿಗೆ ನಾನು ಅಂದ ಮಾತು ಕೊಟ್ರೇಶಪ್ಪನವರಿಗೆ ಗೊತ್ತಿತ್ತೋ ಇಲ್ಲವೋ ಎಂಬುದು ನನ್ನನ್ನು ಮೂರು ದಿನ ಕಾಡಿತು.

ತಾಲ್ಲೂಕು ಸ್ಪರ್ಧೆಗೆ ಆ ಡ್ಯಾನ್ಸು ಬೇಡವೆಂದು ನಾನು ಹೇಳಿದಾಗ ಹೆಡ್ಮಾಸ್ತರರು ಹೌಹಾರಿದರು. “ಗೆಲ್ಲೋ ಐಟಂ ಬಿಡ್ತಾರೇನ್ರಿ, ತಲಿ ಕೆಟ್ಟೈತೇನು ನಿಮಗ?” ಕೆಟ್ಟಿದೆ ಎಂದೆ. ನಾಗವೇಣಿಯನ್ನು ವರಾಂಡಕ್ಕೆ ಕರೆದು, “ತಪ್ಪಾತವಾ ನಂದು. ಡ್ಯಾನ್ಸ್ ನಿಲ್ಸೀನಿ” ಎಂದೆ. ದೊಡ್ಡ ಕೆಲಸ ಮಾಡಿದೆನೆಂಬ ಹಮ್ಮು ನನಗೆ ಆಗಲೂ ಇತ್ತು.

ಅವಳು ತಲೆ ಎತ್ತಲಿಲ್ಲ.

“ನಿಲ್ಸಿದ್ರ ಏನಾತು ಟೀಚರ್? ಅವ್ರೆಲ್ಲ ಅವತ್ತ ಮಾರಿ ತೊಳ್ಕೊಂಡ್ರು. ನನ್ನ ಮಾತ್ರ ಇನ್ನೂ ಹೂಂಬಾ ಅಂತನ ಕರಿತಾರ.”

ಯಾರು ಹಾಗೆ ಕರೆಯುವವರೆಂದು ಗದರಿ ಕೇಳಬೇಕಿತ್ತು. ಆದರೆ ಮೊದಲು ನಕ್ಕವಳು ನಾನೇ.