ಏನೂ ನಡೆಯದ ದಿನ

ಬಸವಕಲ್ಯಾಣ, ಹುಮನಾಬಾದ ಸುತ್ತಲಿನ ಊರುಗಳ ನೆನಪುಗಳನ್ನು ಜನರೇ ಬರೆದು ಸೇರಿಸಲಿ ಎಂದು ನಾವೊಂದಿಷ್ಟು ಗೆಳೆಯರು ಒಂದು ವಿಕಿ ತಾಣ ಮಾಡಿದ್ದೇವೆ. ಪ್ರತಿ ತಾರೀಖಿಗೂ ಒಂದು ಪುಟ ತಾನಾಗಿಯೇ ಹುಟ್ಟುವಂತೆ ಪ್ರೋಗ್ರಾಂ ಬರೆದವನು ನಾನು. ಮಾಹಿತಿ ಇಲ್ಲದ ಪುಟಗಳು ಖಾಲಿ ಕಾಣಬಾರದೆಂದು ಅಲ್ಲೆಲ್ಲ ‘ಈ ದಿನ ಏನೂ ನಡೆದಿಲ್ಲ’ ಎಂಬ ಸಾಲು ಬರುವ ಹಾಗೆ ಮಾಡಿದ್ದೆ.

ಮೊನ್ನೆ ಮಾಣಿಕನಗರದಲ್ಲಿ ಅದನ್ನು ಪ್ರೊಜೆಕ್ಟರ್ ಹಾಕಿ ಜನರಿಗೆ ತೋರಿಸುತ್ತಿದ್ದೆ. ಬಳೆ ಅಂಗಡಿಯ ಹೆಂಗಸೊಬ್ಬರು ಒಂದು ತಾರೀಖು ಹೇಳಿ, “ಅದನ್ನ ತೆಗೀರಿ” ಅಂದರು. ತೆಗೆದೆ. ಗೋಡೆಯ ಮೇಲೆ ದೊಡ್ಡದಾಗಿ ಮೂಡಿದ ಸಾಲನ್ನು ಅವರು ಗಟ್ಟಿಯಾಗಿ ಓದಿದರು.

“ಏನೂ ನಡೆದಿಲ್ಲಂತ ನಿಮಗ ಯಾರ್ ಹೇಳಿದ್ರಿ? ಅವತ್ತ ನಮ್ಮ ಅಕ್ಕ ಹಡೆದು ಸತ್ತಳು. ಆ ಕೂಸನ್ನ ನಾನೇ ಜ್ವಾಪಾನ ಮಾಡೀನಿ.”

“ಅದು ಕಂಪ್ಯೂಟರ್ ತಾನೇ ಬರೀತದರಿ” ಅಂದೆ. ಅಂದ ಮರುಕ್ಷಣವೇ ನಾಚಿಕೆಯಾಯಿತು. ಆ ಸಾಲು ನನ್ನದೇ. ಹಾಗೆಂದು ಒಪ್ಪಿಕೊಂಡು, ಅದನ್ನು ಅಳಿಸಿ, ಅವರು ಹೇಳಿದ್ದನ್ನು ಅಲ್ಲೇ ಬರೆದೆ. ಉಳಿಸಲು ಹೋದರೆ ನನ್ನ ಪ್ರೋಗ್ರಾಂ ಕೇಳಿತು: ಜನನವೋ, ಮರಣವೋ? ಒಂದನ್ನೇ ಆರಿಸಬೇಕು. ಎರಡೂ ಒಟ್ಟಿಗೇ ಬರಬಹುದೆಂದು ನನಗೆ ಹೊಳೆದೇ ಇರಲಿಲ್ಲ. ತಲೆ ಎತ್ತಲಾಗದೆ ಅವರನ್ನೇ ಕೇಳಿದೆ.

“ಜನನ ಅಂತ ಹಾಕ್ರಿ” ಅಂದರು. “ಅಕ್ಕ ಇದ್ದಿದ್ರ ಅದನ್ನೇ ಬರಸ್ತಿದ್ಲು.”

ಮರುದಿನವೇ ಪ್ರೋಗ್ರಾಂ ತಿದ್ದಿದೆ, ಈಗ ಎರಡನ್ನೂ ಆರಿಸಬಹುದು. ಅವರ ಪುಟವನ್ನು ಮಾತ್ರ ಮುಟ್ಟಲಿಲ್ಲ.